ಯಕ್ಷಗಾನದ ಬ್ಲ್ಯಾಕ್ ಅಂಡ್ ವೈಟ್ ಫೋಟೋಗೆ ಫಿಲ್ಮೇ ಬೇಕಾ?

ಪ್ರಶ್ನೆ:
ರಾತ್ರಿ ಆಟದ ಫೋಟೋ ತೆಗೀತೀನಿ, ಚೌಕಿ (ವೇಷ ಹಾಕೋ ಜಾಗ), ರಂಗಸ್ಥಳ ಎಲ್ಲಾ, ಪೂರ್ತಿ ಡಿಜಿಟಲ್. ಬ್ಲ್ಯಾಕ್ ಅಂಡ್ ವೈಟ್ ಮಾಡಿ ತೋರಿಸಿದಾಗ ಹಿರಿಯರೊಬ್ರು ಚೆನ್ನಾಗಿದೆ, ಆದ್ರೆ ಕಲೆ ಅಂದ್ರೆ ಫಿಲ್ಮೇ ಅಂದ್ರು. ಅವರ ಹಳೇ ಪ್ರಿಂಟ್ ನೋಡಿದ್ರೆ ಕಿರೀಟದ ಹೊಳಪಲ್ಲೂ ಕೆತ್ತನೆ ಕಾಣುತ್ತೆ, ನನ್ನದರಲ್ಲಿ ಅದೇ ಜಾಗ ಬರೀ ಬಿಳಿ. ಇದು ಫಿಲ್ಮ್ ಗುಣಾನಾ, ಅವರ ಕೈಗುಣಾನಾ?

ಉತ್ತರ 1:
ಎರಡೂ. ಸೆನ್ಸರಲ್ಲಿ ಪಿಕ್ಸೆಲ್ ಒಂದ್ಸಲ ತುಂಬಿದ್ರೆ ಆಮೇಲೆ ಬಂದ ಬೆಳಕು ಲೆಕ್ಕಕ್ಕಿಲ್ಲ, ನೆಗೆಟಿವ್, ಅಂದ್ರೆ ಬೆಳಕು ಬಿದ್ದಲ್ಲಿ ಕಪ್ಪಾಗೋ ಫಿಲ್ಮ್, ಹಂಗಲ್ಲ, ಬೆಳಕು ಜಾಸ್ತಿ ಆದಂಗೆ ಅದು ಕಪ್ಪಾಗೋ ವೇಗ ನಿಧಾನಕ್ಕೆ ಇಳೀತಾ ಹೋಗುತ್ತೆ, ಹಾಗಾಗಿ ಕಿರೀಟದ ವಿವರ ಅದರೊಳಗೆ ಉಳಿದಿರುತ್ತೆ. ಅದನ್ನ ಹೊರಗೆ ತರೋದು ಡಾರ್ಕ್‌ರೂಮಲ್ಲಿ. ಎನ್‌ಲಾರ್ಜರ್ (ನೆಗೆಟಿವ್‌ನ ದೊಡ್ಡದು ಮಾಡಿ ಪೇಪರ್ ಮೇಲೆ ಬೀಳಿಸೋ ಯಂತ್ರ) ಕೆಳಗೆ ಚಿತ್ರದ ಮುಖಕ್ಕೆ ಕೈ ಅಡ್ಡ ಹಿಡಿದು ಕಿರೀಟಕ್ಕೆ ಮಾತ್ರ ಇನ್ನೊಂದಿಷ್ಟು ಸೆಕೆಂಡ್ ಬೆಳಕು ಕೊಡ್ಬೇಕು, ಕೈ ಆಡಿಸ್ತಾನೇ ಇರ್ಬೇಕು, ನಿಲ್ಸಿದ್ರೆ ಪ್ರಿಂಟಲ್ಲಿ ಗೆರೆ ಬೀಳುತ್ತೆ. ಅಂದಹಾಗೆ ಸ್ಲೈಡ್ ಫಿಲ್ಮಲ್ಲಿ (ನೆಗೆಟಿವ್ ಬದಲು ನೇರ ಚಿತ್ರವೇ ಮೂಡೋ ಫಿಲ್ಮ್) ಈ ಸೌಕರ್ಯ ಇಲ್ಲ, ಬೆಳಕು ಸ್ವಲ್ಪ ಹೆಚ್ಚಾದ್ರೂ ಹೋಯ್ತು. ಫಿಲ್ಮ್ ಅಂತ ಒಟ್ಟಿಗೆ ಹೇಳೋದೇ ಸರಿ ಅಲ್ಲ.

ಉತ್ತರ 2:
ಹಿರಿಯರ ಮಾತು ನಾನು ಒಪ್ಪಲ್ಲ. ರಾತ್ರಿ ಆಟಕ್ಕೆ ಟ್ರೈ-ಎಕ್ಸ್ 400 ಅನ್ನೋ ಬ್ಲ್ಯಾಕ್ ಅಂಡ್ ವೈಟ್ ಫಿಲ್ಮ್ ಹಾಕಿ ಐಎಸ್ಒ 1600ಕ್ಕೆ ಪುಶ್ ಮಾಡಿದ್ರೆ, ಅಂದ್ರೆ ಕಡಿಮೆ ಬೆಳಕು ಕೊಟ್ಟು ಹೆಚ್ಚು ಹೊತ್ತು ಡೆವಲಪ್ ಮಾಡಿದ್ರೆ, ಕಾಂಟ್ರಾಸ್ಟ್ ಏರಿ ನೆರಳು ಪೂರ್ತಿ ಮುಚ್ಚಿಹೋಗುತ್ತೆ, ಬಣ್ಣದ ವೇಷದ ಮುಖದ ಮೇಲೆ ಅಕ್ಕಿಹಿಟ್ಟಲ್ಲಿ ಇಡೋ ಚಿಟ್ಟಿ ಇದ್ಯಲ್ಲ, ಅದರ ಮುಳ್ಳು ಮುಳ್ಳೂ ಬೇರೆಬೇರೆ ಕಾಣ್ಬೇಕು, ಅದು ಒಂದಕ್ಕೊಂದು ಅಂಟಿದಂಗೆ ಬರುತ್ತೆ. ಇವತ್ತಿನ ಸೆನ್ಸರ್ ಐಎಸ್ಒ 6400ರಲ್ಲೂ ಅದನ್ನ ಬಿಡಿಸಿ ತೋರಿಸುತ್ತೆ. ನೀವು ರಾ ಫೈಲಲ್ಲಿ (ಕ್ಯಾಮೆರಾ ತಿದ್ದದೆ ಕೊಡೋ ಮೂಲ ಫೈಲ್) ತೆಗೀರಿ, ಕಿರೀಟ ಸುಡದಂಗೆ ಎಕ್ಸ್‌ಪೋಶರ್ ಇಳಿಸಿ, ಕತ್ತಲೆ ಭಾಗ ಆಮೇಲೆ ಎತ್ಕೊಳ್ಳಿ. ನೆಗೆಟಿವ್‌ಗೆ ನೆರಳು ನೋಡಿ ಎಕ್ಸ್‌ಪೋಶರ್ ಕೊಡ್ತಿದ್ರು, ಇಲ್ಲಿ ಉಲ್ಟಾ.

ಉತ್ತರ 3:
ನೀವು ಹೋಲಿಸ್ತಿರೋದು ಅವರ ಪ್ರಿಂಟ್‌ನ ನಿಮ್ಮ ಸ್ಕ್ರೀನ್ ಜೊತೆ, ಅಲ್ಲೇ ಎಡವಟ್ಟು. ಅಮೆರಿಕದ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡಿಸ್‌ನಲ್ಲಿ ಚಂದ್ರೋದಯದ ಫೋಟೋ ತೆಗೆದ್ರಲ್ಲ, ಅದೇ ನೆಗೆಟಿವ್‌ನ ದಶಕಗಳ ಕಾಲ ಪ್ರಿಂಟ್ ಮಾಡಿದ್ರು, ಮೊದಲಿನ ಪ್ರಿಂಟಲ್ಲಿ ಆಕಾಶದಲ್ಲಿ ಮೋಡದ ಎಳೆ ಕಾಣುತ್ತೆ, ಕೊನೆಕೊನೆಗೆ ಅದು ಹೆಚ್ಚುಕಮ್ಮಿ ಕಪ್ಪು. ನೆಗೆಟಿವ್ ಒಂದೇ, ಆದ್ರೂ ಮನಸ್ಸಿಗೆ ತಟ್ಟೋ ರೀತಿ ಬೇರೆ. ಆ ತೀರ್ಮಾನ ಮಾಡಿದ್ದು ಮನುಷ್ಯ, ಫಿಲ್ಮ್ ಅಲ್ಲ. ನಿಮ್ಮದೊಂದು ಫ್ರೇಮ್ ಆರಿಸಿ ಮ್ಯಾಟ್ ಕಾಟನ್ ಪೇಪರ್ ಮೇಲೆ ಪ್ರಿಂಟ್ ಹಾಕ್ಸಿ, ಗ್ಲಾಸಿ ಬೇಡ, ಮೊದಲು ಚಿಕ್ಕ ಟೆಸ್ಟ್ ಪಟ್ಟಿ ತೆಗೆಸಿ ಕಿರೀಟದ ಜಾಗ ನೋಡ್ಕೊಳ್ಳಿ, ಆಮೇಲೆ ಹಿರಿಯರಿಗೆ ತೋರಿಸಿ.

ಪ್ರಶ್ನೆ ಕೇಳಿದವರು:
ರಾ ಫೈಲ್ ಇದೆ, ಇವತ್ತೇ ತೆಗೆದು ನೋಡ್ತೀನಿ. ಮಂಗಳೂರು ಕಡೆ ಕಾಟನ್ ಪೇಪರ್ ಪ್ರಿಂಟ್ ಯಾರು ಮಾಡ್ತಾರೆ?