ಆತಂಕಕ್ಕೆ ಮಾತ್ರೆ ತಗೊಂಡೆ, ಆತಂಕವೇ ಜಾಸ್ತಿ ಆಯ್ತು. ನಿಲ್ಲಿಸಲಾ ಡಾಕ್ಟ್ರೇ?

ಪ್ರಶ್ನೆ:
ನಮಸ್ಕಾರ ಡಾಕ್ಟ್ರೇ. ನನಗೆ 34 ವರ್ಷ. ಒಂದು ವರ್ಷದಿಂದ ಸುಮ್ಸುಮ್ನೆ ಭಯ, ಎದೆ ಡವಡವ. ಮನೋವೈದ್ಯರು ಎಸ್ಸಿಟಾಲೊಪ್ರಾಮ್ 10 ಮಿ.ಗ್ರಾಂ ಬರೆದುಕೊಟ್ಟರು. ಇವತ್ತಿಗೆ ಆರು ದಿನ. ಬೆಳಿಗ್ಗೆ ಎದ್ದರೆ ಹೊಟ್ಟೆ ತೊಳಸುತ್ತದೆ. ರಾತ್ರಿ ನಿದ್ದೆ ಇಲ್ಲ. ಕೈ ಸಣ್ಣಗೆ ನಡುಗುತ್ತದೆ, ನಿನ್ನೆ ಬೀಗದ ತೂತಿಗೆ ಕೀ ಹಾಕೋಕೆ ಮೂರು ಸಲ ಒದ್ದಾಡಿದೆ. ಜೊತೆಗೆ ಆಕಳಿಕೆ! ಮೀಟಿಂಗಿನಲ್ಲಿ ಒಂದರ ಹಿಂದೆ ಒಂದು ಆಕಳಿಸಿ ಎಲ್ಲರೂ ನನ್ನನ್ನೇ ನೋಡುವ ಹಾಗಾಯ್ತು. ನಾಳೆಯಿಂದ ಮಾತ್ರೆ ಬಿಟ್ಟುಬಿಡಲಾ?

ಉತ್ತರ:
ನಿಮ್ಮಷ್ಟಕ್ಕೆ ನೀವೇ ಬಿಡಬೇಡಿ. ನಾಳೆ ನಿಮ್ಮ ವೈದ್ಯರಿಗೆ ಫೋನ್ ಮಾಡಿ, ಇಲ್ಲಿ ಬರೆದದ್ದನ್ನೇ ಹಾಗೇ ಹೇಳಿ. ಆಕಳಿಕೆಯನ್ನೂ ಸೇರಿಸಿ. ಅದು ಎಸ್ಸಿಟಾಲೊಪ್ರಾಮ್ ಗುಂಪಿನ ಮಾತ್ರೆಗಳಿಂದಲೇ ಬರಬಹುದು, ನಿಮಗೇನೋ ಹೊಸ ಕಾಯಿಲೆ ಬಂದಿದೆ ಅಂತಲ್ಲ.

ಈ ಮಾತ್ರೆಗಳದ್ದು ಒಂದು ಕೆಟ್ಟ ಗುಣ. ತೊಂದರೆ ಮೊದಲ ದಿನದಿಂದಲೇ ಶುರು, ಗುಣ ಕಾಣೋಕೆ ಮಾತ್ರ ಎರಡರಿಂದ ಆರು ವಾರ ಬೇಕು. ನಡುವಿನ ಈ ದಿನಗಳಲ್ಲೇ ಎಷ್ಟೋ ಜನ ಸದ್ದಿಲ್ಲದೆ ಮಾತ್ರೆ ಬಿಡುತ್ತಾರೆ. ಮೊದಲೇ ಹೇಳದೆ ಕಳಿಸಿದ್ದರೆ ಅದು ನಮ್ಮಂಥವರ ತಪ್ಪು, ರೋಗಿಯದ್ದಲ್ಲ.

ಹೊಟ್ಟೆ ಯಾಕೆ ತೊಳಸುತ್ತೆ ಅಂದರೆ, ಈ ಮಾತ್ರೆ ಸೆರೊಟೋನಿನ್ ಅನ್ನೋ, ನರಗಳ ನಡುವೆ ಸಂದೇಶ ಸಾಗಿಸುವ ರಾಸಾಯನಿಕದ ಮೇಲೆ ಕೆಲಸ ಮಾಡುತ್ತದೆ. ದೇಹದ ಸೆರೊಟೋನಿನ್‌ನಲ್ಲಿ ಸುಮಾರು ಶೇ. 90ರಷ್ಟು ಇರೋದು ಮಿದುಳಿನಲ್ಲಲ್ಲ, ಕರುಳಿನಲ್ಲಿ. ಅದಕ್ಕೇ ಮೊದಲ ಪೆಟ್ಟು ಹೊಟ್ಟೆಗೆ. ಊಟ ಆದ ಮೇಲೆ ಮಾತ್ರೆ ತಗೊಳ್ಳಿ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇದು ತಗ್ಗುತ್ತದೆ. ನಿದ್ದೆ ಕೆಡುತ್ತಿದ್ದರೆ ರಾತ್ರಿ ಬದಲು ಬೆಳಿಗ್ಗೆ ತಗೊಳ್ಳಬಹುದು. ಕಾಫಿ, ಟೀ ಈಗ ಸ್ವಲ್ಪ ಕಡಿಮೆ ಇರಲಿ, ನಡುಗುವ ಕೈಗೆ ಅದು ಇನ್ನಷ್ಟು ಕುಮ್ಮಕ್ಕು.

ಆತಂಕದವರಿಗೆ ಮೊದಲ ದಿನಗಳಲ್ಲಿ ಚಡಪಡಿಕೆ ಏರಬಹುದು. ಹಾಗಾಗಿ ನಾನಂತೂ ಸಾಮಾನ್ಯವಾಗಿ 5 ಮಿ.ಗ್ರಾಂನಿಂದ ಶುರು ಮಾಡಿ ಆಮೇಲೆ 10ಕ್ಕೆ ಏರಿಸುತ್ತೇನೆ. ‘ಕೆಲವು ದಿನ ಅರ್ಧ ಮಾತ್ರೆಗೆ ಇಳಿಸಬಹುದಾ?’ ಅಂತ ನಿಮ್ಮ ವೈದ್ಯರನ್ನು ಕೇಳಿ. ಕೇಳೋದಕ್ಕೆ ಸಂಕೋಚ ಬೇಡ. ಹಾಗಂತ ಕೇಳದೆ ನೀವೇ ಮಾತ್ರೆ ಮುರಿಯಬೇಡಿ. ತಲೆನೋವು ಬಂದರೆ ಐಬುಪ್ರೊಫೇನ್ ಬೇಡ, ಇದರ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚು. ಪ್ಯಾರಾಸಿಟಮಾಲ್ ಸಾಕು.

ಆದರೆ ಸಾಯಬೇಕು ಅನ್ನೋ ಯೋಚನೆ ಬಂದರೆ, ಕೂತಲ್ಲಿ ಕೂರಲಾಗದಷ್ಟು ಚಡಪಡಿಸಿದರೆ, ನಿದ್ದೆಯೇ ಬೇಡ ಅನ್ನಿಸಿ ಉತ್ಸಾಹ ಉಕ್ಕಿದರೆ, ಜ್ವರದ ಜೊತೆ ಮೈ ಸೆಟೆದುಕೊಂಡರೆ, ವಾರ ಕಾಯಬೇಡಿ. ಆ ದಿನವೇ ವೈದ್ಯರ ಹತ್ತಿರ ಹೋಗಿ. 25ಕ್ಕಿಂತ ಚಿಕ್ಕ ವಯಸ್ಸಿನವರ ಮನೆಯವರು ಇದನ್ನು ಇನ್ನೂ ಹುಷಾರಾಗಿ ಗಮನಿಸಬೇಕು.

ಮತ್ತೊಬ್ಬರ ಪ್ರಶ್ನೆ:
ಡಾಕ್ಟ್ರೇ, ಮುಜುಗರ ಆಗ್ತಿದೆ, ಆದರೂ ಕೇಳ್ತೀನಿ. ಸರ್ಟ್ರಲಿನ್ ತಗೊಂಡು ನಾಲ್ಕು ತಿಂಗಳು. ಆತಂಕ ಹೋಗಿದೆ. ಆದರೆ ಹೆಂಡತಿ ಜೊತೆ ಇರುವಾಗ ಮೊದಲಿನ ಹಾಗೆ ಆಗ್ತಿಲ್ಲ. ತಾನು ನನಗೆ ಬೇಡವಾದೆ ಅಂತ ಅವಳು ಅಂದ್ಕೊಂಡಿದ್ದಾಳೆ.

ಉತ್ತರ:
ಕೇಳಿದ್ದು ಒಳ್ಳೆಯದಾಯ್ತು. ನಿಮ್ಮ ಸರ್ಟ್ರಲಿನ್ ಕೂಡ ಎಸ್ಸಿಟಾಲೊಪ್ರಾಮ್ ಗುಂಪಿನದೇ. ಆಸೆ ಕುಗ್ಗುವುದು, ಸ್ಖಲನ ತುಂಬ ತಡವಾಗುವುದು, ಎರಡೂ ಈ ಮಾತ್ರೆಗಳಲ್ಲಿ ಬಹಳ ಸಾಮಾನ್ಯ. ಹೊಟ್ಟೆ ತೊಳಸುವಿಕೆ ಹಾಗೆ ಇದು ತಾನಾಗಿ ಹೋಗುತ್ತೆ ಅಂತ ಕಾಯಬೇಡಿ, ಅನೇಕರಲ್ಲಿ ಹೋಗೋದಿಲ್ಲ. ದಾರಿಗಳಿವೆ. ಡೋಸ್ ಇಳಿಸಬಹುದು, ಬೇರೆ ಮಾತ್ರೆಗೆ ಬದಲಾಯಿಸಬಹುದು. ಯಾವುದು ಅಂತ ನಿಮ್ಮ ವೈದ್ಯರ ಜೊತೆ ಕೂತು ತೀರ್ಮಾನಿಸಿ. ಅದಕ್ಕೂ ಮೊದಲು ‘ಇದು ಮಾತ್ರೆಯ ಕೆಲಸ’ ಅಂತ ಇವತ್ತೇ ಹೆಂಡತಿಗೆ ಹೇಳಿ. ಸಾಧ್ಯವಾದರೆ ಮುಂದಿನ ಸಲ ವೈದ್ಯರ ಹತ್ತಿರ ಇಬ್ಬರೂ ಹೋಗಿ.

ಅದೇ ವ್ಯಕ್ತಿ:
ಶನಿವಾರ, ಭಾನುವಾರ ಮಾತ್ರೆ ಬಿಟ್ಟು ನೋಡಿದ್ದೆ. ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಜುಮ್ ಅಂತು, ತಲೆ ಸುತ್ತು ಬೇರೆ. ಅಂದರೆ ಇದರ ಚಟ ಹತ್ತಿದೆ ಅಂತ ಅಲ್ವಾ?

ಉತ್ತರ:
ಚಟ ಅಲ್ಲ. ಚಟ ಅಂದರೆ ದಿನದಿನಕ್ಕೂ ಇನ್ನಷ್ಟು ಬೇಕು ಅನ್ನಿಸೋದು. ನಿಮಗೆ ಹಾಗೇನೂ ಇಲ್ಲ, ನೀವು ಬಿಡೋಕೆ ನೋಡ್ತಿದ್ದೀರಿ! ಮಿದುಳು ಮಾತ್ರೆಗೆ ಒಗ್ಗಿದೆ, ಥಟ್ಟನೆ ನಿಲ್ಲಿಸಿದರೆ ಹೀಗಾಗುತ್ತದೆ. ಇದೇ ಥರದ ಬೇರೆ ಮಾತ್ರೆಗಳಾದ ಪ್ಯಾರೊಕ್ಸೆಟಿನ್, ವೆನ್ಲಾಫಾಕ್ಸಿನ್‌ನಲ್ಲಿ ಇದು ಇನ್ನೂ ಜೋರು. ಬಿಡುವ ಕಾಲ ಬಂದಾಗ ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ, ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಸದ್ಯ ರಜೆ ಕೊಡಬೇಡಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗಲೂ ಬೇಡಿ, ಎಂದಿನ ಹೊತ್ತಿಗೆ ಒಂದೇ ತಗೊಳ್ಳಿ.