ಪದಚರ್ಚೆ: ಮರಾಠಿಯ ‘ಸಾಮಾಯಿಕ’ಕ್ಕೆ ಕನ್ನಡದಲ್ಲಿ ಏನು?

ಪುಣೆಯಿಂದ:
ಗೆಳೆಯರೇ, ಆಟಿಸಂ ಇರುವ ಮಕ್ಕಳ ಹೆತ್ತವರಿಗಾಗಿ ಬಂದ ಮರಾಠಿ ಕರಪತ್ರವೊಂದನ್ನು ಕೊಥ್ರೂಡ್ ಸುತ್ತಮುತ್ತಲಿನ ಕನ್ನಡದ ಮನೆಗಳಿಗೆಂದು ಅನುವಾದಿಸುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಕೊಡಬೇಕು. ಈ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ನಿದ್ದೆಯ ತೊಂದರೆಯಿದೆ. ಅದಕ್ಕೂ ಆಟಿಸಂಗೂ ಅವೇ ಕೆಲವು ಜೀನ್‌ಗಳು ಕಾರಣವಿರಬಹುದು ಎಂಬುದು ತಿರುಳು. ನಿದ್ದೆಗೆ ನೆರವಾಗುವ ಹಾರ್ಮೋನು ಮೆಲಟೋನಿನ್, ಅದರ ತಯಾರಿಯ ಕೊನೆಯ ಹಂತದ ಕಿಣ್ವಕ್ಕೆ ಎಎಸ್‌ಎಂಟಿ ಜೀನ್ ಬೇಕು. ಆಟಿಸಂ ಇರುವ ಕೆಲವರಲ್ಲಿ ಅದರಲ್ಲಿ ವ್ಯತ್ಯಾಸ ಕಂಡಿದೆ. ಮೂಲದಲ್ಲಿ ‘ಸಾಮಾಯಿಕ ಜನುಕೀಯ ಘಟಕ’ ಎಂದಿದೆ, ಅಂದರೆ ಎರಡಕ್ಕೂ ಸೇರಿದ ಜೀನ್ ಅಂಶ. ‘ಸಾಮಾಯಿಕ’ವನ್ನು ಹಾಗೆಯೇ ಇಟ್ಟರೆ ನಮ್ಮ ಜೈನ ಓದುಗರು ಧ್ಯಾನವೆಂದುಕೊಳ್ಳುತ್ತಾರೆ. ‘ಸಾಮಾನ್ಯ’ ಆದೀತೇ?

ಮುಂಬೈಯಿಂದ:
ಆಗದು. ಲ.ಸಾ.ಅ., ಮ.ಸಾ.ಅ. ಕಲಿಸಿದ ‘ಸಾಮಾನ್ಯ’ ಗಣಿತದ ಪುಸ್ತಕದಲ್ಲೇ ಉಳಿಯಿತು. ಮಾತಿನಲ್ಲಿ ಅದು ‘ವಿಶೇಷವಲ್ಲದ್ದು’. ಹೆತ್ತ ತಾಯಿ ‘ಚಿಂತೆಯಿಲ್ಲ’ ಎಂದು ಓದಿಕೊಳ್ಳುತ್ತಾಳೆ. ‘ಸಮಾನ’ವೂ ತಪ್ಪು, ಎರಡು ಬೇರೆ ವಸ್ತುಗಳು ಸಮಾನವಾಗಬಹುದು, ಇಲ್ಲಿರುವುದು ಒಂದೇ ಜೀನ್. ‘ಹಂಚಿಕೊಂಡ’ ಎಂದರೆ ಯಾರು ಯಾರೊಡನೆ ಹಂಚಿಕೊಂಡರು? ನಮ್ಮದೇ ‘ಹುದು’ ಇರುವಾಗ ಈ ಪರದಾಟವೇಕೆ? ಕೂಡಿರುವುದು ಎಂಬರ್ಥದ ಹಳಗನ್ನಡದ ‘ಪುದು’ ಅದು. ತಮಿಳಿನ ‘ಪೊದು’ವಿನ ಒಡಹುಟ್ಟು. ‘ಪುದುವಾಳ್’ ಎಂದರೆ ಕೂಡಿ ಬಾಳು. ‘ಹುದುಜೀನ್’ ಎನ್ನಿ. ಆ ‘ಜೀನ್’ ಕೂಡ ನನಗೆ ಒಪ್ಪಿಗೆಯಿಲ್ಲ. ಅತ್ತ ಇಂಗ್ಲಿಷ್, ಇತ್ತ ಮರಾಠಿ. ಎರವಲಿನ ಅನ್ನ ಎಷ್ಟು ದಿನ?

ವಾಸ್ಕೋದಿಂದ:
‘ಹುದು’ ಸೊಗಸಾದ ಪದ, ಆದರೆ ಅದರ ಜಾಗ ಈ ಕರಪತ್ರವಲ್ಲ. ರಾತ್ರಿ ಎರಡು ಗಂಟೆಗೆ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಅಡ್ಡಾಡುವವಳ ಕೈಗೆ ನಿಘಂಟು ಕೊಡುತ್ತೀರಾ? ಇನ್ನು ಎರವಲು. ‘ಜೀನ್’ ಇಂಗ್ಲಿಷಿನದಲ್ಲ, 1909ರಲ್ಲಿ ಡೆನ್ಮಾರ್ಕಿನ ಯೊಹಾನ್‌ಸೆನ್ ಗ್ರೀಕ್ ಬೇರಿನಿಂದ ಕಟ್ಟಿದ ಪದ. ಇಂಗ್ಲಿಷಿನವರೇ ಎರವಲು ತಂದು ಬಾಳಿದ್ದಾರೆ.

ಪುಣೆಯವರೇ, ನಾಮಪದವೇ ಬೇಕೆಂಬ ಹಟ ಮರಾಠಿ ಮೂಲದ್ದು, ಕನ್ನಡದ್ದಲ್ಲ. ಬಿಡಿಸಿ ಬರೆಯಿರಿ: ‘ಆಟಿಸಂಗೂ ನಿದ್ದೆಯ ತೊಂದರೆಗೂ ಎರಡಕ್ಕೂ ಕಾರಣವಾಗಬಲ್ಲ ಜೀನ್‌ಗಳು’. ಆ ‘ಬಲ್ಲ’ವನ್ನು ಮಾತ್ರ ಅಳಿಸಬೇಡಿ. ಅಳಿಸಿದರೆ ಪ್ರತಿ ಮನೆಯಲ್ಲೂ ‘ಯಾರ ಕಡೆಯಿಂದ ಬಂತು’ ಎಂಬ ಜಗಳ ಹತ್ತುತ್ತದೆ, ಬೈಗುಳ ಸೊಸೆಯ ಪಾಲಿಗೆ ಬರುತ್ತದೆ.

ಪುಣೆಯಿಂದ:
‘ಬಲ್ಲ’ ಉಳಿಸಿದ್ದೇನೆ. ಮುಂಬೈಯವರು ಕ್ಷಮಿಸಬೇಕು. ತಲೆಬರಹದಲ್ಲಿ ‘ಆಟಿಸಂ’ ದೊಡ್ಡದಾಗಿ, ಕೆಳಗೆ ‘ಸ್ವಲೀನತೆ’ ಎಂದು ಹಾಕುತ್ತಿದ್ದೇನೆ. ಆಕ್ಷೇಪವಿದ್ದರೆ ನಾಳೆ ಮಧ್ಯಾಹ್ನದೊಳಗೆ ತಿಳಿಸಿ.