ಹುಳಿ ಮಣ್ಣಿಗೆ ಸುಣ್ಣ ಕೊಟ್ಟ ರಫಿನ್, ಫಿರಂಗಿ ಹಾರಿಸಿದ ರಫಿನ್: ಇಬ್ಬರೂ ಒಬ್ಬರೇ?

ತೋಟದವರು:
ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಮಣ್ಣು ಪರೀಕ್ಷೆಯಲ್ಲಿ ರಸಸಾರ (pH) ಕಡಿಮೆ, ಎಂದರೆ ಮಣ್ಣು ಹುಳಿ ಎಂದು ಬಂದದ್ದರಿಂದ ಸುಣ್ಣದ ಬಗ್ಗೆ ಓದುತ್ತಿದ್ದೆ. ಅಮೆರಿಕದಲ್ಲಿ ಇದಕ್ಕೆ ಶಾಸ್ತ್ರೀಯ ತಳಹದಿ ಹಾಕಿದವರು ವರ್ಜೀನಿಯಾದ ರೈತ ಎಡ್ಮಂಡ್ ರಫಿನ್ ಎಂದು ಒಂದು ಕಡೆ ಇದೆ. ಇನ್ನೊಂದು ಕಡೆ ಅದೇ ಹೆಸರಿನವರು ಅಂತರ್ಯುದ್ಧದ ಮೊದಲ ಗುಂಡು ಹಾರಿಸಿದರು ಎಂದಿದೆ. ಇಬ್ಬರೂ ಒಬ್ಬರೇ? ಶಾಸಕರೂ ಆಗಿದ್ದರಂತೆ, ಹೌದೇ?

ಮಣ್ಣಿನ ಓದುಗ:
ಒಬ್ಬನೇ. ಹುಟ್ಟಿದ್ದು 1794ರಲ್ಲಿ. ಹತ್ತೊಂಬತ್ತರ ಹರೆಯದಲ್ಲಿ ಜೇಮ್ಸ್ ನದಿಯ ದಂಡೆಯ ಕಾಗಿನ್ಸ್ ಪಾಯಿಂಟ್ ಎಂಬ ಜಮೀನು ಅವನ ಕೈಗೆ ಬಂತು. ಹೊಗೆಸೊಪ್ಪು, ಮುಸುಕಿನ ಜೋಳ ಬೆಳೆದು ಬೆಳೆದು ಆ ಸೀಮೆಯ ನೆಲವೆಲ್ಲ ಸತ್ವ ಕಳೆದುಕೊಂಡಿತ್ತು. ಜನ ಗಂಟುಮೂಟೆ ಕಟ್ಟಿ ಪಶ್ಚಿಮಕ್ಕೆ ಹೊರಟಿದ್ದರು. ರಫಿನ್ ಕೂಡ ಜಮೀನು ಮಾರಲು ನೋಡಿದ, ಕೊಳ್ಳುವವರು ಸಿಗಲಿಲ್ಲ.

ಎಷ್ಟು ಕೊಟ್ಟಿಗೆ ಗೊಬ್ಬರ ಹಾಕಿದರೂ ನೆಲ ಏಳುತ್ತಿರಲಿಲ್ಲ. ಬಡ ನೆಲದಲ್ಲೆಲ್ಲ ಪೈನ್ ಮರವೂ ಹುಳಿ ರುಚಿಯ ಸಾರೆಲ್ ಕಳೆಯೂ ಏಕೆ ಹಬ್ಬುತ್ತವೆ ಎಂಬ ಪ್ರಶ್ನೆ ಅವನನ್ನು ಹಿಡಿಯಿತು. ಹಂಫ್ರಿ ಡೇವಿಯ ಕೃಷಿ ರಸಾಯನಶಾಸ್ತ್ರ ಓದಿದ, ಹೊಲಗಳ ಮಣ್ಣಿನ ಮೇಲೆ ಆಮ್ಲ ಸುರಿದು ನೋಡಿದ. ಸುಣ್ಣದಂಶವಿದ್ದರೆ ನೊರೆ ಉಕ್ಕಬೇಕು. ಹೆಚ್ಚಿನ ಕಡೆ ಉಕ್ಕಲೇ ಇಲ್ಲ. ಆದರೆ ಅವನ ಜಮೀನಿನ ಅಡಿಯಲ್ಲೇ ಪುರಾತನ ಸಮುದ್ರದ ಚಿಪ್ಪುಗಳು ತುಂಬಿದ ಮಾರ್ಲ್ ಎಂಬ ಸುಣ್ಣದಂಶದ ಪದರವಿತ್ತು. 1818ರಲ್ಲಿ ಅದನ್ನು ಅಗೆಸಿ ಕೆಲವು ಎಕರೆಗೆ ಹರಡಿಸಿ ಜೋಳ ಬಿತ್ತಿಸಿದ. ಪಕ್ಕದ ನೆಲಕ್ಕಿಂತ ಸುಮಾರು ಶೇ. 40 ಹೆಚ್ಚು ಇಳುವರಿ! ಅವನು ಕಂಡುಕೊಂಡದ್ದು ಇಷ್ಟು: ಸುಣ್ಣವೊಂದೇ ಸಾಲದು, ಆದರೆ ಹುಳಿ ತೆಗೆಯದೆ ಗೊಬ್ಬರ ನಿಲ್ಲುವುದಿಲ್ಲ. ಇದನ್ನೇ 1832ರಲ್ಲಿ ಪುಸ್ತಕವಾಗಿಸಿದ. ಮರುವರ್ಷದಿಂದ 1842ರವರೆಗೆ ರೈತರಿಗಾಗಿ ಪತ್ರಿಕೆಯೊಂದನ್ನೂ ನಡೆಸಿದ.

ಶಾಸಕತ್ವದ ಬಗ್ಗೆ ಹೇಳುವುದು ಕಡಿಮೆ. 1823ರಲ್ಲಿ ವರ್ಜೀನಿಯಾ ಸೆನೆಟ್‌ಗೆ ಹೋದ, ಅವಧಿ ಮುಗಿಯುವ ಮೊದಲೇ ರಾಜೀನಾಮೆ ಕೊಟ್ಟ. ಮತದಾರರ ಮನವೊಲಿಸುವ ಸ್ವಭಾವ ಅವನದಲ್ಲ.

ಹಳ್ಳಿಹೈದ:
ಇಂಥ ಉಪಕಾರಿ ರೈತನ ವಿಷಯದಲ್ಲಿ ಯುದ್ಧದ ಮಾತೇಕೆ? ಅವರ ಮಣ್ಣಿನ ಕೆಲಸವನ್ನಷ್ಟೇ ನೋಡಿದರೆ ಸಾಲದೇ?

ಮಣ್ಣಿನ ಓದುಗ:
ಸಾಲದು ಎಂದೇ ನನ್ನ ಅಭಿಪ್ರಾಯ. ಆ ಚಿಪ್ಪುಮಣ್ಣನ್ನು ಗುಂಡಿಗಿಳಿದು ಅಗೆದವರು, ಗಾಡಿಗೆ ತುಂಬಿದವರು, ಹೊಲಕ್ಕೆ ಎರಚಿದವರು ಅವನ ಗುಲಾಮರು. ಒದ್ದೆ ಚಿಪ್ಪುಮಣ್ಣಿನ ಭಾರ ಎತ್ತಿದವರಿಗೇ ಗೊತ್ತು. ಶೇ. 40ರ ಆ ಲೆಕ್ಕದಲ್ಲಿ ಅವರ ಕೂಲಿ ಸೇರಿಲ್ಲ, ಏಕೆಂದರೆ ಕೂಲಿಯೇ ಇರಲಿಲ್ಲ. ನೆಲ ಮತ್ತೆ ಫಲ ಕೊಟ್ಟರೆ ಗುಲಾಮಗಿರಿಯ ಬೇಸಾಯವೂ ಉಳಿಯುತ್ತದೆ ಎಂಬುದು ರಫಿನ್‌ನ ಬಯಕೆ. ಅದನ್ನು ಅವನು ಮುಚ್ಚಿಡಲೂ ಇಲ್ಲ. ಗುಲಾಮರ ದಂಗೆಗಾಗಿ ಗುಲಾಮಗಿರಿಯ ವಿರೋಧಿ ಜಾನ್ ಬ್ರೌನ್ ಮಾಡಿಸಿದ್ದ ಭರ್ಜಿಗಳನ್ನು ಸಂಪಾದಿಸಿ, ಎಚ್ಚರಿಕೆಯೆಂದು ಗುಲಾಮಗಿರಿಯಿದ್ದ ದಕ್ಷಿಣದ ರಾಜ್ಯಗಳ ರಾಜ್ಯಪಾಲರಿಗೆ ಕಳುಹಿಸಿದ. 1861ರ ಏಪ್ರಿಲ್‌ನಲ್ಲಿ, 67ರ ವಯಸ್ಸಿನಲ್ಲಿ, ಫೋರ್ಟ್ ಸಮ್ಟರ್ ಎಂಬ ಕೇಂದ್ರ ಸರ್ಕಾರದ ಕೋಟೆಯ ಮೇಲೆ ಫಿರಂಗಿ ಹಾರಿಸಿದ. ಎಲ್ಲರಿಗಿಂತ ಮೊದಲು ಹಾರಿದ್ದು ಅವನದಲ್ಲ. ತನ್ನ ಫಿರಂಗಿ ತುಕಡಿಯ ಮೊದಲ ಗುಂಡು ಅವನದು. ದಕ್ಷಿಣ ಸೋತ ಮೇಲೆ, 1865ರ ಜೂನ್‌ನಲ್ಲಿ, ತಾನೇ ಗುಂಡು ಹಾರಿಸಿಕೊಂಡು ಸತ್ತ.

ತೋಟದವರು:
ಧನ್ಯವಾದ. ಆ ಪುಸ್ತಕ ಈಗಲೂ ಓದಲು ತಕ್ಕದ್ದೇ?

ಮಣ್ಣಿನ ಓದುಗ:
ಖಂಡಿತ ಓದಿ, ಹೊಲದಲ್ಲಿ ನಿಂತು ಯೋಚಿಸುವ ಬಗೆ ಅದರಲ್ಲಿದೆ. ಆದರೆ ಪ್ರಮಾಣವನ್ನು ಅಲ್ಲಿಂದ ತೆಗೆದುಕೊಳ್ಳಬೇಡಿ. ಎಷ್ಟು ಸುಣ್ಣ ಎಂಬುದನ್ನು ನಿಮ್ಮ ಮಣ್ಣು ಪರೀಕ್ಷೆಯ ವರದಿ ನೋಡಿ, ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿಯೇ ನಿರ್ಧರಿಸಿ. ಅತಿಯಾದರೆ ಸತು, ಕಬ್ಬಿಣ ಬೇರಿಗೆ ಸಿಗುವುದಿಲ್ಲ.